ಎರಡನೇ ಗೇರು ದಾಟದ ಕಾರು

"ನನ್ನ ಮಗಳು ಛತ್ರಕ್ಕೆ ಹೋದ್ರೆ ಈ ಕಾರಲ್ಲೇ ಹೋಗ್ತಾಳೆ. ಇದನ್ನ ನಾನೇ ಬಿಚ್ಚಿ, ನಾನೇ ಕಟ್ಟಿ, ನಾನೇ ಓಡಿಸ್ತೀನಿ. ಇಲ್ದಿದ್ರೆ ನನ್ನ ಹೆಸರು ನಂದಕುಮಾರ್ ಅಲ್ಲ!"

ಬಸವನಗುಡಿಯ ತನ್ನ ಮನೆಯ ಗೇಟಿನ ಮುಂದೆ ನಿಂತು ನಂದಕುಮಾರ ಈ ಭೀಷ್ಮಪ್ರತಿಜ್ಞೆ ಮಾಡಿದಾಗ, ಆ ಕಾರನ್ನು ಟೆಂಪೊ ಒಂದು ಹಗ್ಗ ಕಟ್ಟಿ ಎಳೆದುತಂದು ನಿಲ್ಲಿಸಿತ್ತು. ಹಳೇ ಅಂಬಾಸಡರ್ರೇ, ಆದರೆ ಮಾಮೂಲಿ ಅಂಬಾಸಡರ್ ಅಲ್ಲ. ಡಿಕ್ಕಿ ಇರಬೇಕಾದ ಕಡೆ ಡಿಕ್ಕಿ ಇಲ್ಲ. ಮೇಲಿನ ತಗಡು ಹಿಂದಿನ ತುದಿಯವರೆಗೂ ಹಾಗೇ ಚಾಚಿಕೊಂಡಿತ್ತು. ಎರಡೂ ಬದಿಗೆ ಉದ್ದುದ್ದ ಗಾಜು, ಹಿಂದೆ ಪೂರ್ತಿ ತೆರೆದುಕೊಳ್ಳುವ ಬಾಗಿಲು. ಒಳಗೆ ಒಬ್ಬ ಮನುಷ್ಯ ಕಾಲು ಚಾಚಿ ಆರಾಮವಾಗಿ ಮಲಗಬಹುದಾಗಿತ್ತು.

ನಂದಕುಮಾರನ ಹೆಂಡತಿ ಸಂಧ್ಯಾ ಮೆಟ್ಟಿಲ ಮೇಲೆ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ತಲೆಯನ್ನೂ ಎತ್ತದೆ, "ಹೆಸರು ಬದಲಾಯಿಸೋಕೆ ಅಫಿಡವಿಟ್ ಬೇಕಂತೆ ರೀ. ಈಗ್ಲೇ ಮಾಡ್ಸಿಟ್ಕೊಂಡ್ಬಿಡಿ" ಅಂದಳು.

ಅವನ ಹಟಕ್ಕೂ ಒಂದು ಕಾರಣವಿತ್ತು ಅನ್ನಿ. ಸುಲ್ತಾನ್‌ಪೇಟೆಯಲ್ಲಿ ಲಗ್ನಪತ್ರಿಕೆ ಅಂಗಡಿ ಇಟ್ಟು ಊರ ಮಕ್ಕಳ ಮದುವೆಗೆಲ್ಲ ಪತ್ರಿಕೆ ಅಚ್ಚು ಹಾಕಿಸಿಕೊಟ್ಟವನು. ಈಗ ಒಬ್ಬಳೇ ಮಗಳು ವಿನುತಾಳ ಮದುವೆ. ಸಾಲದ್ದಕ್ಕೆ ಅವನ ಅಪ್ಪ ಮುನಿಗಂಗಪ್ಪ ಜೀವಮಾನವೆಲ್ಲ ತರಕಾರಿ ಮೂಟೆಗಳ ಮೇಲೆ ಕೂತು ಮಾರ್ಕೆಟ್ಟಿಗೆ ಹೋಗಿ ಬಂದವರು. ದಾರಿಯಲ್ಲಿ ಕಾರು ಕಂಡರೆ ನಿಂತು ನೋಡುವರು. ಒಂದು ಸಲ ಕಾರಲ್ಲಿ ಕೂರಬೇಕು, ಕಿಟಕಿಯಿಂದ ಬೀದಿ ನೋಡಬೇಕು ಅನ್ನುತ್ತಲೇ ಹೋಗಿಬಿಟ್ಟರು. ಆಗ ನಂದಕುಮಾರ ಇನ್ನೂ ಕಾಲೇಜು ಹುಡುಗ. ಮುನಿಗಂಗಪ್ಪನವರ ಮೊಮ್ಮಗಳಾದರೂ ಸ್ವಂತ ಕಾರಲ್ಲಿ ಹೋಗಿ ಧಾರೆಗೆ ನಿಲ್ಲಲಿ ಎಂಬುದು ಅವನ ಎದೆಯಲ್ಲಿ ಕೂತಿದ್ದ ಆಸೆ.

ಕಾರು ಸಿಕ್ಕಿದ್ದು ಬಳೇಪೇಟೆಯ ಒಂದು ಗೋದಾಮಿನಲ್ಲಿ. ಮಾರಿದವನು ಅಪ್ಪಯ್ಯ. ಅಪ್ಪಯ್ಯ ಒಂದೇ ಒಂದು ಸುಳ್ಳು ಹೇಳಲಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

"ಒಬ್ಬನೇ ಡ್ರೈವರ್ ಕೈಯಲ್ಲಿ ಪಳಗಿದ ಗಾಡಿ ಸಾರ್. ಎರಡನೇ ಗೇರ್ ದಾಟಿಲ್ಲ. ಊರಾಚೆ ಹೋಗಿಲ್ಲ. ಹೂವಲ್ಲೇ ಬಾಳಿದ ಗಾಡಿ."

"ಹತ್ತಿದವರು ಯಾರಾದ್ರೂ ಕಂಪ್ಲೇಂಟ್ ಹೇಳಿದ್ದುಂಟಾ?"

"ಇದರಲ್ಲಿ ಹೋದೋರು ಒಬ್ರೂ ವಾಪಸ್ ಬಂದು ಏನೂ ಅಂದಿಲ್ಲ ಸಾರ್."

ನಂದಕುಮಾರ ಹಿರಿಹಿರಿ ಹಿಗ್ಗಿ ಕೈ ಕುಲುಕಿದ.

ಸಂಧ್ಯಾ ಚಾಮರಾಜಪೇಟೆಯ ಮೆಕ್ಯಾನಿಕ್ ಮೂರ್ತಿಗೆ ಫೋನ್ ಮಾಡಿ ಕರೆಸಿದಳು. ಮೂರ್ತಿ ಬಂದವನು ಬಾನೆಟ್ ಎತ್ತಿದ, ತಲೆ ಆಡಿಸಿದ, ಹಿಂದಕ್ಕೆ ಹೋಗಿ ಬಾಗಿಲು ತೆರೆದ. ಒಳಗೆ ನೆಲಕ್ಕೆ ಎರಡು ಉದ್ದನೆಯ ಕಬ್ಬಿಣದ ಪಟ್ಟಿ, ಪಟ್ಟಿಯ ತುಂಬ ಗಿರಗಿರ ತಿರುಗುವ ಸಣ್ಣ ಉರುಳೆಗಳು. ಮೂರ್ತಿ ಅದನ್ನು ನೋಡಿದ. ಮನೆಯೊಳಗಿದ್ದ ಸಂಧ್ಯಾಳ ಕಡೆ, ಅಂಗಳದಲ್ಲಿ ಆಗಲೇ ಬರೆದಿದ್ದ ಮದುವೆಮನೆಯ ದೊಡ್ಡ ರಂಗೋಲಿಯ ಕಡೆ ನೋಡಿದ. ಮೆಲ್ಲಗೆ ಬಾಗಿಲು ಮುಚ್ಚಿ, ನಲ್ಲಿಯಲ್ಲಿ ಕೈಕಾಲು ತೊಳೆದುಕೊಂಡು, "ಸಾರ್, ನಂಗೆ ಬೇರೆ ಕೆಲಸ ಇದೆ" ಎಂದು ಕಾಫಿಯನ್ನೂ ಕುಡಿಯದೆ ಹೊರಟುಹೋದ.

"ನೋಡಿದ್ಯಾ? ಗಾಡಿ ನೋಡಿ ಅವನಿಗೇ ಹೆದರಿಕೆ ಆಯ್ತು. ಇದು ಅವನ ಕೈಲಾಗೋ ಕೆಲಸ ಅಲ್ಲ" ಅಂದ ನಂದಕುಮಾರ.

ಹೀಗೆ ಅವನ ವಿದ್ಯಾಭ್ಯಾಸ ಫೋನಿನಲ್ಲಿ ಶುರುವಾಯಿತು. ಕಾರ್ಬುರೇಟರ್ ಬಿಚ್ಚುವುದು ಹೇಗೆಂದು ತೋರಿಸುವ ವೀಡಿಯೊ ನೋಡಿ ಬಿಚ್ಚಿದ. ಕಟ್ಟುವ ವೀಡಿಯೊ ಬರುವ ಹೊತ್ತಿಗೆ ಫೋನಿನ ಚಾರ್ಜು ಮುಗಿದಿತ್ತು. ಅಂದಾಜಿನ ಮೇಲೆ ಕಟ್ಟಿದ. ಕೊನೆಗೆ ಬಿಡಿಭಾಗ ಹರಡಿಕೊಂಡಿದ್ದ ಪೇಪರಿನ ಮೇಲೆ ಒಂದು ಸ್ಪ್ರಿಂಗು ಉಳಿಯಿತು. ಕಂಪನಿಯವರು ಹೆಚ್ಚಿಗೆ ಕೊಟ್ಟಿರಬೇಕು ಎಂದು ಅದನ್ನು ಜೇಬಿಗೆ ಹಾಕಿಕೊಂಡು ಸ್ಟಾರ್ಟ್ ಮಾಡಿದ.

ಎಂಜಿನ್ ಹೊತ್ತಿಕೊಂಡಿತು. ಸಂಧ್ಯಾ ಕೂಡ ಅಡಿಗೆಮನೆಯಿಂದ ಇಣುಕಿದಳು. ಸಾಕೆನಿಸಿ ನಂದಕುಮಾರ ಕೀ ತಿರುಗಿಸಿದ, ನಿಲ್ಲಲಿಲ್ಲ. ಕೀ ತೆಗೆದು ಕೈಯಲ್ಲಿ ಹಿಡಿದುಕೊಂಡ, ಆದರೂ ನಿಲ್ಲಲಿಲ್ಲ. ಕೀ ಇಲ್ಲದ ಕಾರು ತನ್ನಷ್ಟಕ್ಕೆ ಗೊರಗೊರ ಉಸಿರೆಳೆಯುತ್ತ, ಗಾಜುಗಳನ್ನು ಸಣ್ಣಗೆ ನಡುಗಿಸುತ್ತ ನಿಂತೇ ಇತ್ತು. ಬೀದಿನಾಯಿಗಳು ಎದ್ದು ಕೂತವು. ಒಂದೂ ಬೊಗಳಲಿಲ್ಲ.

ಆಗ ಒಳಗಿನಿಂದ ನಂದಕುಮಾರನ ತಾಯಿ ಸಪ್ಪಲಮ್ಮ ಬಂದರು. ಬಿಸಿ ಬಾನೆಟ್ಟಿನ ಮೇಲೆ ಅಂಗೈಯಿಟ್ಟು, ಮಗುವಿಗೆ ಹೇಳುವ ಹಾಗೆ, "ಸಾಕು ಬಿಡಪ್ಪ, ಇವತ್ತಿಗೆ ಸಾಕು" ಅಂದರು. ಎಂಜಿನ್ ಒಂದು ಸಲ ಬಿಕ್ಕಿ ನಿಂತುಹೋಯಿತು.

ಎಂಜಿನ್ ಅತಿಯಾಗಿ ಕಾದರೆ ಕೀ ತೆಗೆದರೂ ಓಡುವುದುಂಟು ಎಂದು ಮಾರನೆಯ ದಿನ ಫೋನೇ ಹೇಳಿಕೊಟ್ಟಿತು, ಜೇಬಿನ ಸ್ಪ್ರಿಂಗು ಎಲ್ಲಿಗೆ ಸೇರಬೇಕೆಂಬುದನ್ನೂ ಹೇಳಿಕೊಟ್ಟಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಆದರೆ ಅಮ್ಮನ ಮಾತಿಗೆ ಅದು ನಿಂತದ್ದು ಯಾಕೆ ಎನ್ನುವುದಕ್ಕೆ ಯಾವ ವೀಡಿಯೊ ಸಿಗಲಿಲ್ಲ.

ಮುಂದೆ ಬ್ರೇಕು. ಬ್ರೇಕಿನ ಪೈಪಿನಲ್ಲಿ ಸಿಕ್ಕಿಕೊಂಡ ಗಾಳಿ ತೆಗೆಯಲು ಒಬ್ಬರು ಪೆಡಲ್ ಒತ್ತಬೇಕು, ಇನ್ನೊಬ್ಬರು ಕಾರಿನ ಕೆಳಗೆ ಮಲಗಬೇಕು. ಸಂಧ್ಯಾಳನ್ನು ಸ್ಟೇರಿಂಗ್ ಮುಂದೆ ಕೂರಿಸಿ ನಂದಕುಮಾರ ಕೆಳಗೆ ಮಲಗಿದ.

"ಒತ್ತು."

"ಒತ್ತಿದೆ."

"ಬಿಡು."

"ಬಿಟ್ಟೆ."

"ನಾನು ಒತ್ತು ಅಂದಾಗ ಒತ್ಬೇಕು, ಬಿಡು ಅಂದಾಗ ಬಿಡ್ಬೇಕು."

"ಮದ್ವೆ ಆದಾಗಿಂದ ಅದನ್ನೇ ತಾನೇ ಮಾಡ್ಕೊಂಡ್ ಬಂದಿರೋದು" ಎಂದು ಸಂಧ್ಯಾ ಸಿಟ್ಟಿನಿಂದ ಒಂದು ಒತ್ತು ಒತ್ತಿದಳು. ಕೆಳಗಿದ್ದವನ ಮುಖಕ್ಕೆಲ್ಲ ಆಯಿಲ್ ಅಭಿಷೇಕವಾಯಿತು.

ಒಳಗಿನ ಕೊಳೆ ತೆಗೆಯುವ ದಿನ ಇನ್ನೂ ವಿಚಿತ್ರ. ಸಂದಿಗೊಂದಿಯಿಂದ ಪುರಿ ಬಂತು. ಒಣಗಿ ಕಪ್ಪಾದ ಹೂವಿನ ಎಸಳು ಬಂದವು. ಯಾರೋ ಮಕ್ಕಳು ಚುರುಮುರಿ ತಿಂದಿದ್ದಾರೆ ಎಂದುಕೊಂಡು ಗುಡಿಸಿದ. ಗುಡಿಸಿದಷ್ಟೂ ಮತ್ತೆ ಬಂತು. ಊದುಬತ್ತಿಯ ವಾಸನೆಯಂತೂ ಸೋಪಿನಲ್ಲಿ ತೊಳೆದರೂ ಹೋಗಲಿಲ್ಲ. ಬಿಸಿಲೇರಿದಂತೆ, ಪಕ್ಕದಲ್ಲೇ ಈಗಷ್ಟೇ ಯಾರೋ ಹಚ್ಚಿಟ್ಟ ಹಾಗೆ ಘಮ್ಮೆನ್ನುತ್ತಿತ್ತು. ನಡುವೆ ಸೀಟೇ ಇರಲಿಲ್ಲ. ಗುಜರಿಯಿಂದ ಒಂದು ತಂದು ಕೂರಿಸಿದ. ಮೇಲಿನ ಬಣ್ಣ ಕೆರೆದಾಗ ಅಡಿಯಲ್ಲಿ ಹಾಲುಬಿಳುಪು ಕಂಡಿತು. ಒರಿಜಿನಲ್ ಅಂದರೆ ಒರಿಜಿನಲ್ ಎಂದು ಅದೇ ಬಿಳಿಯನ್ನೇ ಹೊಡೆಸಿದ.

ಸಪ್ಪಲಮ್ಮ ಮಾತ್ರ ಕಾರಿನ ಮುಂದಕ್ಕೆ ಬರುತ್ತಿರಲಿಲ್ಲ. ದಿನಾ ದೀಪ ಹಚ್ಚುವ ಹೊತ್ತಿಗೆ ಕಾರಿನ ಹಿಂದೆ, ಗೇಟಿಗೆ ಒರಗಿ ನಿಂತು ಅದರ ಹಿಂಭಾಗವನ್ನು ನೋಡುತ್ತಿದ್ದರು. ಹೋಗುವಾಗ ಬಂಪರಿನ ಮೇಲೆ ಒಂದು ಕಾಕಡದ ಹೂವಿಟ್ಟು ಹೋಗುವರು.

"ಏನಮ್ಮ ಅಲ್ಲಿ ನೋಡ್ತೀಯ?"

"ಏನಿಲ್ಲ ಕಣೋ. ಗುರುತು ಹಿಡೀತಿದೀನಿ."

ವಯಸ್ಸಾಯಿತು ಎಂದುಕೊಂಡ ನಂದಕುಮಾರ.

ಕೊನೆಗೆ ಕಾರು ಬೀದಿಗಿಳಿಯಿತು. ಮೂರನೇ ಗೇರಿಗೆ ಹಾಕಿದರೆ ಕೆಮ್ಮುತ್ತಿತ್ತು, ಹಾಗಾಗಿ ಎರಡರಲ್ಲೇ ಗಾಂಧಿಬಜಾರಿಗೆ ಹೋದ. ಅಲ್ಲಿ ನಡೆದದ್ದನ್ನು ಅವನು ಮನೆಗೆ ಬಂದು ವರ್ಣಿಸಿದ್ದೇ ವರ್ಣಿಸಿದ್ದು. ಹೋಟೆಲಿನ ಮುಂದೆ ಹರಟುತ್ತಿದ್ದ ಹಿರಿಯರು ಮಾತು ನಿಲ್ಲಿಸಿ ಎದ್ದು ನಿಂತರಂತೆ. ಒಬ್ಬರು ಚಪ್ಪಲಿ ಬಿಟ್ಟರಂತೆ. ಹೂವಿನ ಮುದುಕಿ ಎರಡೂ ಕೈ ಜೋಡಿಸಿದಳಂತೆ. ಇಡೀ ಬೀದಿ ಒಂದು ಗಳಿಗೆ ಸದ್ದಡಗಿತಂತೆ.

"ಹಳೇ ಗಾಡಿಗೆ ಜನ ಎಷ್ಟು ಬೆಲೆ ಕೊಡ್ತಾರೆ ನೋಡು. ಹೊಸ ಕಾರಿಗೆ ಯಾವನು ಎದ್ದು ನಿಲ್ತಾನೆ?"

"ರೀ, ಯಾರಾದ್ರೂ ನಕ್ರಾ?" ಎಂದು ಸಂಧ್ಯಾ ಕೇಳಿದಳು.

ನಂದಕುಮಾರ ಯೋಚಿಸಿದ. ಒಬ್ಬರೂ ನಕ್ಕಿರಲಿಲ್ಲ.

ಆಮೇಲೆ ಕಾರು ಹೊಸ ಚಾಳಿ ಹಿಡಿಯಿತು. ಎದುರುಮನೆಯ ಶ್ರೀನಿವಾಸಯ್ಯನವರ ಗೇಟಿನ ಮುಂದೆ ಬಂದರೆ ತಾನಾಗಿ ನಿಂತುಬಿಡುತ್ತಿತ್ತು. ಅವರಿಗೆ ಎಂಬತ್ತು ದಾಟಿತ್ತು, ದಮ್ಮಿನ ಕಾಯಿಲೆ ಬೇರೆ. ಕಿಟಕಿಯಲ್ಲಿ ಕೂತು ಕೆಮ್ಮುತ್ತಿದ್ದವರು ಕಾರು ನಿಂತ ಕೂಡಲೆ ಕೆಮ್ಮು ನುಂಗಿಕೊಂಡು, ಕಿಟಕಿ ಮುಚ್ಚಿ, ಚಿಲಕ ಹಾಕುವರು. ಮೂರನೆಯ ಸಲ ನಿಂತ ಮೇಲೆ ಅವರು ಬೆಳಗಿನ ವಾಕಿಂಗೇ ಶುರುಮಾಡಿದರು. ಏನು ಗುಣವಾಯಿತೋ, ನೆಟ್ಟಗೆ ನಡೆಯುತ್ತಿದ್ದರು.

ಇಷ್ಟರಲ್ಲಿ ಲಗ್ನಪತ್ರಿಕೆ ಅಚ್ಚಾಯಿತು. ಸ್ವಂತ ಅಂಗಡಿ, ಕೇಳುವವರು ಯಾರು? ಮೇಲೆ ಗಣಪತಿ, ಅದರ ಕೆಳಗೆ ಬಣ್ಣದಲ್ಲಿ ಕಾರಿನ ಫೋಟೊ, ಫೋಟೊದ ಕೆಳಗೆ ಚಿನ್ನದ ಅಕ್ಷರದಲ್ಲಿ, "ತಾವೂ ತಪ್ಪದೆ ಬರಬೇಕು."

ಪತ್ರಿಕೆಯ ಪೆಟ್ಟಿಗೆಗಳನ್ನು ಹಿಂದಿನ ಉರುಳೆಗಳ ಮೇಲೆ ಸಾಲಾಗಿ ಜೋಡಿಸಿಕೊಂಡು ನಂದಕುಮಾರ ಕರೆಯಲು ಹೊರಟ. ದೊಡ್ಡ ಬಸವಣ್ಣನ ಗುಡಿಯ ದಿಣ್ಣೆ ಹತ್ತುವಾಗ ಬೆನ್ನ ಹಿಂದೆ ಗಿರ್ರ್ ಎಂದು ಸದ್ದು. ಕನ್ನಡಿಯಲ್ಲಿ ನೋಡಿದರೆ ಹಿಂದಿನ ಬಾಗಿಲು ತಾನಾಗಿ ಮೇಲೆದ್ದಿದೆ. ಒಂದಾದಮೇಲೊಂದು ಪೆಟ್ಟಿಗೆ, ಯಾರೋ ಒಳಗಿನಿಂದ ನಾಜೂಕಾಗಿ ತಳ್ಳುತ್ತಿರುವ ಹಾಗೆ, ಸಾಲಾಗಿ ಜಾರಿ ಬೀದಿಗಿಳಿಯುತ್ತಿವೆ. ಪತ್ರಿಕೆಗಳು ದಿಣ್ಣೆಯ ಉದ್ದಕ್ಕೂ ಹರಡಿಕೊಂಡವು. ಗುರುತು ಪರಿಚಯವಿಲ್ಲದ ದಾರಿಹೋಕರು ಒಂದೊಂದು ಎತ್ತಿಕೊಂಡು ಓದಿದರು. ಚಿಲಕ ಸವೆದಿತ್ತು, ಅಷ್ಟೇ. ಫೋನಿನಲ್ಲಿ ನೋಡಿ ರಿಪೇರಿ ಮಾಡಿದ. ಮತ್ತೆ ತೆರೆದುಕೊಂಡಿತು.

ಅಂತೂ ಆಯ್ದುಕೊಂಡಷ್ಟನ್ನು ನೆಂಟರಿಷ್ಟರಿಗೆ ಕೊಟ್ಟು ಬಂದ. ಎರಡು ದಿನ ಬಿಟ್ಟು ಅದೇ ಬೀದಿಗಳಲ್ಲಿ ನಡೆದುಹೋಗುವಾಗ ತಟ್ಟನೆ ನಿಂತ. ಒಂದು ಮನೆಯ ಕಾಂಪೌಂಡಿನ ಮೇಲೆ ಅವನ ಲಗ್ನಪತ್ರಿಕೆ, ಮೇಲೊಂದು ಕಲ್ಲು. ಇನ್ನೊಂದು ಮನೆಯ ಗೇಟಿನ ಸಂದಿಯಲ್ಲಿ ಪತ್ರಿಕೆ. ಮತ್ತೊಂದು ಮನೆಯಲ್ಲಿ ಹೊರಗಿನ ಮೀಟರ್ ಪೆಟ್ಟಿಗೆಗೆ ಸಿಕ್ಕಿಸಿದ್ದರು. ಸಾವಿನ ಕಾಗದ ಬಂದರೆ ಓದಿ ಒಳಗೆ ಒಯ್ಯದೆ ಹೊರಗೇ ಸಿಕ್ಕಿಸುತ್ತಾರಲ್ಲ, ಹಾಗೆ. ಹಿರಿಯರಿದ್ದ ಒಂದು ಮನೆಯೂ ಅರಿಶಿನ ಹಚ್ಚಿದ ಆ ಪತ್ರಿಕೆಯನ್ನು ಹೊಸಿಲು ದಾಟಿಸಿರಲಿಲ್ಲ.

ನಂದಕುಮಾರನಿಗೆ ಅಳು ಬಂತು. ಮಗಳಿಗೆ ಯಾರು ಕೇಡು ಬಯಸಿದರು? ನೇರ ಶ್ರೀನಿವಾಸಯ್ಯನವರ ಗೇಟಿಗೆ ಹೋದ. ಅವರ ಗೋಡೆಯ ಮೇಲೂ ಒಂದಿತ್ತು.

"ಏನ್ ತಪ್ಪು ಮಾಡಿದೀನಿ ಹೇಳಿ ಸಾರ್."

ಶ್ರೀನಿವಾಸಯ್ಯ ಗೇಟಿನ ಒಳಗೇ ನಿಂತರು. "ಶುಭಕಾರ್ಯದ ಮನೆಯೋರ ಮುಂದೆ ಅಶುಭ ಆಡಬಾರದಲ್ಲ, ಅದಕ್ಕೆ ಯಾರೂ ಬಾಯಿ ಬಿಟ್ಟಿಲ್ಲ. ನೀವೇ ಕೇಳ್ತಿದೀರಿ, ಹೇಳ್ತೀನಿ. ಅದು ಹೆಣದ ಗಾಡಿ ನಂದಕುಮಾರ್. ಈ ಪೇಟೆಗಳಿಂದ ರುದ್ರಭೂಮಿಗೆ ಒಂದು ಕಾಲದಲ್ಲಿ ಅದೊಂದೇ ಹೋಗ್ತಿದ್ದಿದ್ದು. ನಮ್ಮ ವಯಸ್ಸಿನೋರಿಗೆಲ್ಲ ಗೊತ್ತು. ದಿನಾ ನನ್ನ ಮನೆ ಮುಂದೆ ತಂದು ನಿಲ್ಲಿಸ್ತೀರಿ. ಅದರ ಫೋಟೊ ಹಾಕಿ ಕೆಳಗೆ 'ತಾವೂ ತಪ್ಪದೆ ಬರಬೇಕು' ಅಂತ ಅಚ್ಚು ಹಾಕ್ಸಿದೀರಿ. ನಾನು ಅದನ್ನ ಯಾವ ಧೈರ್ಯದ ಮೇಲೆ ಒಳಗಿಟ್ಕೊಳ್ಳಲಿ?"

ನಂದಕುಮಾರ ಮನೆಗೆ ಹೇಗೆ ಬಂದನೋ ಅವನಿಗೇ ಗೊತ್ತಿಲ್ಲ. ಕಾರು ಬಿಳುಪಾಗಿ ಹೊಳೆಯುತ್ತ, ಊದುಬತ್ತಿಯ ಘಮ ಬಿಡುತ್ತ ನಿಂತಿತ್ತು. ಪುರಿ, ಎಸಳು, ಉರುಳೆ, ಎಲ್ಲವೂ ಒಂದೊಂದಾಗಿ ಅರ್ಥವಾದವು. ಒಳಗೆ ಕೈಯಿಟ್ಟು ಒರೆಸಿದ ಆ ಜಾಗದಲ್ಲಿ ಎಷ್ಟು ಜನ ಮಲಗಿ ಹೋಗಿರಬೇಕು ಅನ್ನಿಸಿ ನಲ್ಲಿಗೆ ಹೋಗಿ ಕೈ ತೊಳೆದುಕೊಂಡ.

ಸಂಧ್ಯಾ ಕೇಳಿ ಗೋಡೆ ಹಿಡಿದುಕೊಂಡಳು. ಆಮೇಲೆ ತಣ್ಣಗೆ ಹೇಳಿದಳು. "ಆ ಗಾಡಿ ಛತ್ರದ ಹತ್ರ ಬಂದ್ರೆ ನಾನು ಧಾರೆಗೆ ನಿಲ್ಲಲ್ಲ. ಬೀಗರಿಗೆ ಗೊತ್ತಾದ್ರೆ ಮದ್ವೇನೂ ನಿಲ್ಲತ್ತೆ. ಬಾಡಿಗೆ ಕಾರು ಹೇಳಿ."

ನಂದಕುಮಾರ ಬಾಡಿಗೆ ಕಾರು ಹೇಳಿದ. ಭೀಷ್ಮಪ್ರತಿಜ್ಞೆ ಮಣ್ಣುಪಾಲಾಯಿತು. ಸಪ್ಪಲಮ್ಮ ಎಲ್ಲವನ್ನೂ ಕೇಳಿಸಿಕೊಂಡು ಎಲೆಅಡಿಕೆ ಮೆಲ್ಲುತ್ತ ಕೂತಿದ್ದರು.

ಮದುವೆ ಮಲ್ಲೇಶ್ವರದ ಛತ್ರದಲ್ಲಿ. ಆರತಕ್ಷತೆ ಸಂಜೆಗಿದ್ದುದರಿಂದ ಹುಡುಗಿ ಬೆಳಿಗ್ಗೆ ಮನೆಯಲ್ಲಿ ಪೂಜೆ ಮುಗಿಸಿ ನೇರ ಮುಹೂರ್ತಕ್ಕೆ ಹೋಗಬೇಕು. ಸಂಧ್ಯಾ ಬೀಗರನ್ನು ಎದುರುಗೊಳ್ಳಲು ಮುಂಚೆಯೇ ಹೋಗಿದ್ದಳು. ಮನೆಯಲ್ಲಿ ಉಳಿದದ್ದು ನಂದಕುಮಾರ, ಸಿಂಗಾರವಾದ ವಿನುತಾ, ಸಪ್ಪಲಮ್ಮ.

ಬಾಡಿಗೆ ಕಾರಿನವನು ಫೋನೆತ್ತಿ, "ಸಾರ್, ಸಿಲ್ಕ್ ಬೋರ್ಡಲ್ಲಿದೀನಿ" ಅಂದ. ಬೆಂಗಳೂರಲ್ಲಿ ಅದಕ್ಕೆ ಅರ್ಥ ಇವತ್ತು ಬರುವುದಿಲ್ಲ ಎಂದು. ಫೋನಿನಲ್ಲಿ ಕರೆದ ಕ್ಯಾಬುಗಳು ಒಂದೊಂದಾಗಿ ಕೈಕೊಟ್ಟವು. ಮುಹೂರ್ತ ಹತ್ತಿರವಾಗುತ್ತಿತ್ತು. ನಂದಕುಮಾರ ಬೆವರು ಒರೆಸಿಕೊಳ್ಳುತ್ತ ಆಟೊ ಹುಡುಕಲು ಗೇಟಿಗೆ ಬಂದು ಅಲ್ಲೇ ನಿಂತುಬಿಟ್ಟ.

ಬಾಡಿಗೆ ಕಾರನ್ನು ಅಲಂಕರಿಸಲೆಂದು ಹೇಳಿದ್ದ ಹೂವಿನವನು, ಮನೆ ಮುಂದೆ ಇದ್ದದ್ದು ಇದೊಂದೇ ಕಾರಾದ್ದರಿಂದ ಇದಕ್ಕೇ ಹೂ ಕಟ್ಟಿ ಮುಗಿಸಿದ್ದ. ಮೂತಿಯಿಂದ ಬಾಲದವರೆಗೆ ಚೆಂಡುಹೂವು, ಗಾಜಿನ ಸುತ್ತ ಸುಗಂಧರಾಜ. ಸ್ವಲ್ಪ ವಯಸ್ಸಾದವನು. ಕಣ್ಣರಳಿಸಿ ಹೇಳಿದ. "ಈ ಗಾಡಿಗೆ ಕಟ್ಟಿ ನಂಗೆ ಅಭ್ಯಾಸ ಇದೆ ಸಾರ್. ಕೈ ತಾನಾಗೇ ಹೋಯ್ತು."

"ಅಪ್ಪ, ಟೈಮಾಯ್ತು, ನಡಿ" ಅಂದಳು ವಿನುತಾ.

"ಇದರಲ್ಲಾ? ನಿಮ್ಮಮ್ಮ ನನ್ನನ್ನ ಇದರಲ್ಲೇ ಕಳಿಸ್ತಾಳೆ."

"ಮುಹೂರ್ತ ತಪ್ಪಿದ್ರೂ ಕಳಿಸ್ತಾಳೆ" ಎಂದು ಅವಳು ಸೀರೆ ಎತ್ತಿ ಹಿಡಿದು ನಡುವಿನ ಸೀಟಿನಲ್ಲಿ ಕೂತೇಬಿಟ್ಟಳು.

ಸಪ್ಪಲಮ್ಮ ಮಾತ್ರ ಮೊಮ್ಮಗಳ ಪಕ್ಕ ಕೂರಲಿಲ್ಲ. "ಹಿಂದೆ ಒಂದು ಮಣೆ ಹಾಕು. ನಾನು ಅಲ್ಲಿ ಕೂತ್ಕೋತೀನಿ" ಅಂದರು. ಎಷ್ಟು ಹೇಳಿದರೂ ಕೇಳಲಿಲ್ಲ. ಉರುಳೆಗಳ ಮೇಲೆ ಮಣೆಯಿಟ್ಟು, ಅದನ್ನು ಸೀಟಿಗೆ ಬಿಗಿದು, ಹಿಂದಿನ ಬಾಗಿಲಿಗೆ ಹಗ್ಗ ಕಟ್ಟಿ ನಂದಕುಮಾರ ಹೊರಟ.

ಎರಡನೇ ಗೇರು. ಹೆಡ್‌ಲೈಟು ಯಾವ ಸ್ವಿಚ್ಚಿಗೂ ಆರುತ್ತಿರಲಿಲ್ಲವಾದ್ದರಿಂದ ಹಗಲಲ್ಲೂ ಉರಿಯುತ್ತಿತ್ತು. ಚಾಮರಾಜಪೇಟೆಯ ಜಂಕ್ಷನ್ನಿನಲ್ಲಿ ಒಂದಕ್ಕೊಂದು ಅಂಟಿ ನಿಂತಿದ್ದ ಬಸ್ಸು, ಆಟೊ, ಬೈಕುಗಳ ಹಿಂದೆ ಇವರ ಕಾರು ಬಂದು ನಿಂತಿತು. ಮೊದಲು ಒಬ್ಬ ಬೈಕಿನವನು ಕನ್ನಡಿಯಲ್ಲಿ ನೋಡಿದ. ಹೆಲ್ಮೆಟ್ ತೆಗೆದು ಪಕ್ಕಕ್ಕೆ ಸರಿದ. ಆಟೊದವನು ಹಾಡು ಆರಿಸಿ ಸರಿದ. ಬಸ್ಸು ಸರಿಯಿತು. ಅಂಬುಲೆನ್ಸಿಗೆ ದಾರಿ ಬಿಡದ ಊರು, ಸ್ವಾಮಿ. ಹಾರ್ನಿನ ಸದ್ದೆಲ್ಲ ಅಡಗಿ, ನಡುವೆ ಉದ್ದಕ್ಕೂ ಖಾಲಿ ರಸ್ತೆ ತೆರೆದುಕೊಂಡಿತು. ಟ್ರಾಫಿಕ್ ಪೊಲೀಸಿನವನು ನಾಲ್ಕೂ ಕಡೆ ಕೈ ತೋರಿಸಿ ನಿಲ್ಲಿಸಿ, ಇವರಿಗೆ ಸೆಲ್ಯೂಟ್ ಹೊಡೆದ.

ಬಿನ್ನಿಮಿಲ್ ರಸ್ತೆಯಲ್ಲೂ ಅಷ್ಟೇ, ಓಕಳಿಪುರದಲ್ಲೂ ಅಷ್ಟೇ. ಸಾವಿರಾರು ಜನ ಮಾತಿಲ್ಲದೆ ನಿಂತು ದಾರಿ ಬಿಟ್ಟರು. ಆ ನಿಶ್ಶಬ್ದದಲ್ಲಿ ಎಂಜಿನ್ನಿನ ಗೊರಗೊರ ಒಂದೇ. ಯಾರನ್ನು ಒಯ್ಯುತ್ತಿದ್ದೇನೆ ನಾನು ಅನ್ನಿಸಿ ನಂದಕುಮಾರನಿಗೆ ಕನ್ನಡಿ ನೋಡಲೂ ಹೆದರಿಕೆಯಾಯಿತು.

ನೋಡದಿದ್ದದ್ದೇ ವಾಸಿ. ರಸ್ತೆಬದಿಯ ಹೂವಿನಂಗಡಿಯ ಹೆಂಗಸು ಒಂದು ಹಿಡಿ ಹೂ ತೂರಿ, ಕಣ್ಮುಚ್ಚಿ ಕೈ ಜೋಡಿಸಿ, ಕಣ್ಣು ತೆರೆದಳು. ಗಾಜಿನ ಒಳಗೆ, ಹೆಣ ಮಲಗಬೇಕಾದ ಜಾಗದಲ್ಲಿ, ರೇಷ್ಮೆ ಸೀರೆ ಉಟ್ಟ ಮುದುಕಿ ನೆಟ್ಟಗೆ ಕೂತು ಅವಳಿಗೆ ತಿರುಗಿ ನಮಸ್ಕಾರ ಮಾಡುತ್ತಿತ್ತು. ಹೆಂಗಸು ಬುಟ್ಟಿಯ ಮೇಲೇ ಕುಸಿದು ಕೂತಳು. ಸಪ್ಪಲಮ್ಮ ದಾರಿಯುದ್ದಕ್ಕೂ ಕೈ ಮುಗಿದವರಿಗೆಲ್ಲ ಕೈ ಮುಗಿದರು. ಯಾರನ್ನೂ ಬಿಡಲಿಲ್ಲ.

ಮುಹೂರ್ತಕ್ಕೆ ಮುಂಚೆಯೇ ಕಾರು ಛತ್ರ ಮುಟ್ಟಿತು. ಬೀಗರ ಕಡೆಯವರು ಅರ್ಧ ಜನ ಇನ್ನೂ ಟ್ರಾಫಿಕ್ಕಿನಲ್ಲಿದ್ದರು. ಹೂವಿನಲ್ಲಿ ಮುಚ್ಚಿಹೋಗಿದ್ದ ಕಾರಿನ ಜಾತಕ ಯಾರೂ ಕೇಳಲಿಲ್ಲ. ಸಂಧ್ಯಾ ಬಾಗಿಲಲ್ಲೇ ಕಣ್ಣು ಕೆಕ್ಕರಿಸಿ, "ಸಂಜೆ ಮಾತಾಡ್ತೀನಿ" ಎಂದು ಮಗಳಿಗೆ ಆರತಿ ಎತ್ತಿದಳು. ಧಾರೆ ಸಾಂಗವಾಗಿ ನಡೆಯಿತು.

ಊಟವಾದ ಮೇಲೆ ನಂದಕುಮಾರ ಹೊರಗೆ ಬಂದ. ಸಪ್ಪಲಮ್ಮ ಎಂದಿನಂತೆ ಕಾರಿನ ಹಿಂದೆ ನಿಂತಿದ್ದರು.

"ಅಮ್ಮ, ಅದು ಯಾವ ಗಾಡಿ ಅಂತ ಗೊತ್ತಿದ್ದೂ ಅಲ್ಲೇ ಕೂತ್ಯಲ್ಲ. ಹೆದರಿಕೆ ಆಗ್ಲಿಲ್ವಾ?"

"ನಂಗೆ ಮೊದಲ ದಿನವೇ ಗೊತ್ತಾಯ್ತು. ನಿಮ್ಮಪ್ಪನ್ನ ಕರ್ಕೊಂಡ್ ಹೋಗಿದ್ದು ಇದೇ ಕಣೋ."

ನಂದಕುಮಾರ ಗಾಜಿನೊಳಗೆ ಇಣುಕಿ ನೋಡಿದ. "ಆ ದಿನ ನಾನೂ ಇದರಲ್ಲೇ ಹೋದ್ನಾ? ನಂಗೆ ಗುರುತೇ ಸಿಗ್ಲಿಲ್ಲ."

"ನೀನು ಮುಂದೆ ಬೆಂಕಿ ಮಡಕೆ ಹಿಡ್ಕೊಂಡು ತಲೆ ತಗ್ಗಿಸ್ಕೊಂಡು ಅಳ್ತಾ ಕೂತಿದ್ದೆ. ಗಾಡಿ ಹೆಂಗಿದೆ ಅಂತ ಎಲ್ಲಿ ನೋಡ್ದೆ? ಹೆಂಗಸ್ರು ಮುಂದಕ್ಕೆ ಬರೋ ಹಾಗಿಲ್ಲ ಅಂದ್ರು. ನಾನು ಗೇಟಲ್ಲಿ ನಿಂತು, ತಿರುವು ದಾಟೋ ತನಕ ಇದರ ಬೆನ್ನನ್ನೇ ನೋಡ್ತಿದ್ದೆ. ಆ ಬೆನ್ನು ಮರೆಯೋದುಂಟಾ?" ಸಪ್ಪಲಮ್ಮ ಬಂಪರಿನ ಮೇಲಿನ ಹೂವನ್ನು ಸರಿಮಾಡಿದರು. "ಪಾಪ, ಜೀವಮಾನಕ್ಕೆ ಒಂದೇ ಸಲ ಕಾರು ಹತ್ತಿದ್ರು. ಅದೂ ಮಲಗ್ಕೊಂಡು. ಕಿಟಕೀಲಿ ಒಂದು ಬೀದೀನೂ ನೋಡ್ಲಿಲ್ಲ. ಅದಕ್ಕೆ ಅವರ ಜಾಗದಲ್ಲಿ ಕೂತು ಎಲ್ಲ ನೋಡ್ಕೊಂಡು ಬಂದೆ."

ನಂದಕುಮಾರ ಬಿಕ್ಕಿ ಬಿಕ್ಕಿ ಅತ್ತ. ಮದುವೆಮನೆಯಲ್ಲಿ ಹೆಣ್ಣಿನ ತಂದೆ ಅಳುವುದು ವಾಡಿಕೆ, ಯಾರೂ ತಿರುಗಿ ನೋಡಲಿಲ್ಲ. ಮೂಗೊರೆಸಿಕೊಂಡು, "ಇದನ್ನ ಯಾವತ್ತೂ ಮಾರಲ್ಲ ಅಮ್ಮ. ಸಂಧ್ಯಾ ಏನಾದ್ರೂ ಅನ್ಲಿ" ಅಂದ.

"ಮಾರ್ಬೇಡ. ನನ್ನ ದಿನ ಬಂದಾಗ್ಲೂ ಇದೇ ಇರ್ಲಿ" ಅಂದರು ಸಪ್ಪಲಮ್ಮ. ಹಿಂದಿನ ಬಾಗಿಲ ಹಗ್ಗವನ್ನು ಒಂದು ಸಲ ಎಳೆದು ನೋಡಿದರು. "ಆದ್ರೆ ಅಷ್ಟರೊಳಗೆ ಈ ಚಿಲಕ ಮೂರ್ತಿ ಕೈಲಿ ಸರಿ ಮಾಡ್ಸು. ನೀನು ಮಾತ್ರ ಕೈ ಹಾಕ್ಬೇಡ ಕಣಪ್ಪ. ಲಗ್ನಪತ್ರಿಕೆ ಹಂಚ್ದಂಗೆ ನನ್ನೂ ದಿಣ್ಣೆ ಉದ್ದಕ್ಕೂ ಹಂಚ್ಬಿಡ್ತೀಯ."